ನಿಯಮ ಮುರಿಯದ ಕಥೆ

ಮಾರ್ಚ್ 12, ಮಂಗಳವಾರ, ಪ್ತುಯ್ ಪಟ್ಟಣ.

ದಿನಚರಿ ಬರೆಯಲು ಕೈ ಏಳುತ್ತಿಲ್ಲ, ಫೋನಿಗೇ ಹೇಳಿ ದಾಖಲಿಸಿಕೊಳ್ಳುತ್ತಿದ್ದೇನೆ. ನಾನು ಸಂಪಾದಿಸುತ್ತಿರುವ ಸಂಕಲನಕ್ಕೆ ದ್ರಾಗಿತ್ಸಾ ಬರೆದುಕೊಟ್ಟ ಕಥೆಯನ್ನು ತಿರಸ್ಕರಿಸಿದೆ. ಯಾಕೆಂದು ಅವಳಿಗೆ ಹೇಳಲಾಗಲಿಲ್ಲ.

ನಮ್ಮ ಹ್ಯಾಂಡ್‌ಬಾಲ್ ತಂಡದ ಆಟಗಾರರ ಮೇಲೆ ಅಭಿಮಾನಿಗಳು ಕಟ್ಟಿದ ಕಥೆಗಳ ಸಂಕಲನ ಇದು. ನಿಯಮ ಬರೆದವನು ನಾನೇ. ಆಟಗಾರರ ಹೆಂಡತಿ ಮಕ್ಕಳನ್ನು ಎಳೆದು ತರಬಾರದು, ಗುಟ್ಟಾಗಿ ತಿಳಿದದ್ದನ್ನು ಬರೆಯಬಾರದು, ಬರೆದದ್ದು ಕಲ್ಪನೆಯೇ ಆಗಿರಬೇಕು. ಅವಳು ಎಲ್ಲವನ್ನೂ ಪಾಲಿಸಿದ್ದಾಳೆ. ಗೋಲ್‌ಕೀಪರ್ ಬೊರುತ್‌ನ ಎಡಗಣ್ಣು ಮಂಜಾಗುತ್ತಿದೆ, ಅವನು ಸದ್ದು ಕೇಳಿಯೇ ಚೆಂಡು ತಡೆಯುತ್ತಾನೆ ಎಂದು ಕಲ್ಪಿಸಿಕೊಂಡಿದ್ದಾಳೆ.

ಕಳೆದ ತಿಂಗಳು ಬೊರುತ್ ನನ್ನ ಕನ್ನಡಕದ ಅಂಗಡಿಗೆ ಬಂದು ಅದೇ ಎಡಗಣ್ಣನ್ನು ತೋರಿಸಿದ್ದ. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೆ. ಈ ಶುಕ್ರವಾರ ತಂಡದೊಂದಿಗೆ ಅವನ ಹೊಸ ಒಪ್ಪಂದಕ್ಕೆ ಸಹಿ ಬೀಳಬೇಕು; ಕಣ್ಣಿನ ವಿಷಯ ಹೊರಬಿದ್ದರೆ ಅದು ತಪ್ಪಿಹೋಗಬಹುದು.

ಮಧ್ಯಾಹ್ನ ದ್ರಾಗಿತ್ಸಾ ಅಂಗಡಿಗೇ ಬಂದಳು.

"ಯಾವ ನಿಯಮ ಮುರಿದೆ, ಹೇಳಿ ಸಂಪಾದಕ್ರೇ?"

"ಮುರಿದಿಲ್ಲ. ಆದ್ರೆ ಕಥೆ ನಂಬೋ ಹಾಗಿಲ್ಲ."

"ಹೋದ ವರ್ಷದ ಸಂಕಲನದ ಕಥೇಲಿ ಅದೇ ಬೊರುತ್ ಚಂದ್ರನ ಮೇಲೆ ಕೋಸು ಬೆಳೆದ. ಅದನ್ನ ನಂಬಿದ್ರಲ್ಲ?"

ನಗು ಬರಲಿಲ್ಲ. ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತ ನಿಂತೆ. ಅವಳು ಗೋಡೆಯ ಮೇಲೆ ಕಣ್ಣು ಪರೀಕ್ಷಿಸುವ ಅಕ್ಷರಗಳ ಪಟವನ್ನು ನೋಡಿದಳು, ಆಮೇಲೆ ನನ್ನನ್ನು. ಅವಳ ದನಿ ಇಳಿಯಿತು.

"ಬೇಡ ಅಂದಿದ್ದಕ್ಕೆ ಕಾರಣ, ಕಥೆ ಉದ್ದ ಆಯ್ತು ಅಂತ ಬರ್ಕೊಳ್ಳಿ. ಯಾರಾದ್ರೂ ಕೇಳಿದ್ರೆ ನಾನೂ ಅದನ್ನೇ ಹೇಳ್ತೀನಿ."

ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೋದಳು.

ಅವಳಿಗೆ ಗೊತ್ತಾಗಿದೆ. ಕಥೆಯನ್ನು ಸುಮ್ಮನೆ ಅಚ್ಚು ಹಾಕಿದ್ದರೆ ಕಲ್ಪನೆಯಾಗಿಯೇ ಉಳಿಯುತ್ತಿತ್ತು. ತಿರಸ್ಕರಿಸಿ ನಾನೇ ಅದನ್ನು ನಿಜ ಮಾಡಿದೆ. ಅವಳು ಬಾಯಿ ಬಿಡುವವಳಲ್ಲ. ಆದರೂ ಬೊರುತ್‌ಗೆ ಫೋನ್ ಮಾಡಿ ತಿಳಿಸಬೇಕು, ಏನೆಂದು ಶುರು ಮಾಡಲಿ, ನಾನು ಯಾರಿಗೂ ಹೇಳಲಿಲ್ಲ ಬೊರುತ್, ಆದರೆ…