ಮಂಡಲವಿಲ್ಲದ ಮದ್ದು

ಮುತ್ತಿನಕೊಪ್ಪ
6-7-2009, ಸೋಮವಾರ

ಪ್ರೀತಿಯ ನಯನಾ,

ನಿನ್ನ ಅತ್ತೆ ಮಾಡುವ ಆಶೀರ್ವಾದ. ಹೇಗಿದ್ದೀಯೆ? ಮತ್ತೆ ಜ್ವರ ಬಂತೇ? ಬಾಯಲ್ಲಿ ಬಿಳಿ ಹುಣ್ಣು ಎದ್ದಿದೆಯೇ? ಊಟ ಸೇರುತ್ತಿದೆಯೇ? ಇದ್ದದ್ದನ್ನು ಇದ್ದ ಹಾಗೆ ಹೇಳು. ಕಿಗ್ಗದ ತವರಿನಲ್ಲಿ ಅಣ್ಣನ ಮುಂದೆ ಚೆನ್ನಾಗಿದ್ದೇನೆಂದು ನಟಿಸುವ ನಿನ್ನ ಬುದ್ಧಿ ನನಗೆ ಗೊತ್ತು. ನಿನ್ನ ಮಗಳು ಗಗನಾ ಆರಾಮಿದ್ದಾಳೆ. ಎರಡನೇ ಕ್ಲಾಸಿಗೆ ಬಂದ ಮೇಲೆ ಜಡೆ ತಾನೇ ಹಾಕಿಕೊಳ್ಳುತ್ತೇನೆಂದು ಹಟ. ಒಂದು ಜಡೆ ಕಿವಿಯ ಹತ್ತಿರ, ಇನ್ನೊಂದು ಬೆನ್ನಿನ ನಡುವೆ. ಫೋನ್ ಮಾಡಬಹುದಿತ್ತು. ಆದರೆ ನಿಮ್ಮಲ್ಲಿ ಫೋನ್ ಇರುವುದು ಜಗಲಿಯಲ್ಲಿ, ಇದು ಜಗಲಿಯಲ್ಲಿ ಆಡುವ ಮಾತಲ್ಲ. ಲಕೋಟೆಗೆ ಅನ್ನದ ಅಗುಳು ಹಚ್ಚಿ ಗಟ್ಟಿಯಾಗಿ ಅಂಟಿಸಿದ್ದೇನೆ. ಒಡೆದು ಕೈಗೆ ಬಂದರೆ ಯಾರು ಒಡೆದರೆಂದು ಕೇಳು, ಬಿಡಬೇಡ.

ಈಗ ವಿಷಯಕ್ಕೆ ಬರುತ್ತೇನೆ. ನಾನು ತಪ್ಪು ಮಾಡಿದೆ ನಯನಾ. ಮೂವತ್ತು ವರ್ಷದಿಂದ ಸುತ್ತಲಿನ ಊರಿಗೆಲ್ಲ ಕಾಮಾಲೆಗೆ ಬೇರು ಅರೆದು ಕೊಟ್ಟವಳು ನಾನು. ಉಪ್ಪು ಖಾರ ಬಿಡಿಸಿ ನಲವತ್ತೆಂಟು ದಿನ, ಅಂದರೆ ಒಂದು ಮಂಡಲ. ಕೊನೆಗೆ ಎಣ್ಣೆ ಹಚ್ಚಿ ತಲೆಗೆ ನೀರು. ಅಲ್ಲಿಗೆ ಮದ್ದು ಮುಗಿಯಿತು. ಶಿವಮೊಗ್ಗದ ಎಆರ್‌ಟಿ ಸೆಂಟರಿನಲ್ಲಿ ನಿನಗೆ ಎಚ್‌ಐವಿ ಮಾತ್ರೆ ಶುರು ಮಾಡಿದ ದಿನ ಅವರು ಜೀವನಪೂರ್ತಿ ಎಂದದ್ದನ್ನು ಪಕ್ಕದಲ್ಲೇ ಕೂತು ಕೇಳಿದ್ದೆ. ಆದರೂ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಾ ಬಂದೆ. ಜ್ವರ ಬಿಟ್ಟಿತು, ನಿನ್ನ ಕೆನ್ನೆ ತುಂಬಿತು. ನಲವತ್ತೆಂಟನೇ ಗೀಟಿನ ದಿನ ನೀನು, “ಅತ್ತೆ, ನಿಲ್ಲಿಸ್ಬೇಡಿ ಅಂದಿದ್ರಲ್ಲ ಅವ್ರು?” ಎಂದೆ. “ಎಂತ ಮಾರಾಯ್ತಿ, ಗುಣ ಆದ್ಮೇಲೂ ಮದ್ದು ತಿಂದ್ರೆ ಮೈಗೇ ವಿಷ” ಎಂದು ನಿನ್ನ ತಲೆಗೆ ಎಣ್ಣೆ ಹಾಕಿದವಳು ನಾನೇ. ಮಾರನೇ ದಿನ ತವರಿನ ಬಸ್ಸು ಹತ್ತಿಸಿದೆ.

ಉಳಿದ ಮಾತ್ರೆ ಹಾಳಾಗಬಾರದು, ಇನ್ಯಾರಿಗಾದರೂ ಆಗಲಿ ಎಂದು ಹೋದ ಶುಕ್ರವಾರ ಡಬ್ಬಿ ಹಿಡಿದು ಶಿವಮೊಗ್ಗಕ್ಕೆ ಹೋದೆ. ಹೊಗಳುತ್ತಾರೆ ಎಂದುಕೊಂಡಿದ್ದೆ! ಅಲ್ಲಿಯ ಕೌನ್ಸೆಲರ್ ಮೇಡಂ ಡಬ್ಬಿ ತೆರೆದು ಉಳಿದ ಮಾತ್ರೆಗಳನ್ನು ಒಂದೊಂದಾಗಿ ಎಣಿಸಿದರು. ಬಯ್ದಿದ್ದರೆ ವಾಸಿಯಿತ್ತು. ಆಮೇಲೆ ಕೂರಿಸಿ ಹೇಳಿದರು. ಈ ವೈರಸ್ಸಿಗೆ ತಾನಾಗಿ ಬೆಳೆಯಲು ಬರುವುದಿಲ್ಲವಂತೆ. ರಕ್ತದ ಬಿಳಿ ಕಣದೊಳಗೆ ಹೊಕ್ಕು, ತನ್ನ ಬರಹವನ್ನು ಆ ಕಣದ ಭಾಷೆಗೆ ನಕಲು ಮಾಡಿಸಿ ಅಲ್ಲೇ ಸೇರಿಸಿಬಿಡುತ್ತದೆ. ಆಮೇಲೆ ನಮ್ಮ ಕಣವೇ ಅದರ ಮರಿಗಳನ್ನು ಹುಟ್ಟಿಸುತ್ತದೆ. ನಕಲು ಮಾಡುವ ಗುಮಾಸ್ತನ ಹೆಸರು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್. ಚೀಟಿಯಲ್ಲಿ ಬರೆಸಿಕೊಂಡು ಬಂದಿದ್ದೇನೆ, ನಗಬೇಡ. ನಿನ್ನ ಮಾತ್ರೆಯಲ್ಲಿ ಮೂರು ಮದ್ದು. ಎರಡು, ನಿಜವಾದ ಅಕ್ಷರದ ವೇಷ ಹಾಕಿ ನಕಲಿನೊಳಗೆ ಸೇರಿ, ಮುಂದೆ ಬರೆಯದಂತೆ ಮಾಡುತ್ತವೆ; ಮೂರನೆಯದು ಗುಮಾಸ್ತನ ಕೈಯನ್ನೇ ಹಿಡಿಯುತ್ತದೆ. ಆದರೆ ಮೊದಲೇ ಸೇರಿಹೋದ ನಕಲನ್ನು ಯಾವ ಮಾತ್ರೆಯೂ ಕೀಳಲಾರದು. ಅದು ಮಲಗಿರುತ್ತದೆ. ಮಾತ್ರೆ ನಿಂತರೆ ಏಳುತ್ತದೆ; ಬಿಟ್ಟು ಬಿಟ್ಟು ನುಂಗಿದರೆ ಮದ್ದಿನ ಗುಟ್ಟನ್ನೇ ಕಲಿತು ಆಮೇಲೆ ಅದಕ್ಕೆ ಬಗ್ಗುವುದಿಲ್ಲ. ಅದಕ್ಕೇ ಹನ್ನೆರಡು ಗಂಟೆಗೊಮ್ಮೆ, ಒಂದು ಹೊತ್ತೂ ತಪ್ಪದೆ. “ಅಮ್ಮಾ, ಈ ಮದ್ದಿಗೆ ಮಂಡಲ ಗಿಂಡಲ ಇಲ್ಲ, ಉಸಿರಿರೋ ತನಕ” ಎಂದರು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವುದು ನನ್ನಂಥವಳಿಗೇ.

ಆದರೆ ಇನ್ನೂ ಕಾಲ ಮಿಂಚಿಲ್ಲವಂತೆ. ಬಿಟ್ಟು ಮೂರೇ ವಾರ. ನೀನಾಗಿ ಏನೂ ನುಂಗಬೇಡ. ಡಾಕ್ಟರು ರಕ್ತ ನೋಡಿ, ಮೊದಲ ಹದಿನೈದು ದಿನ ಕೊಟ್ಟ ಹಾಗೆ ಕಡಿಮೆ ಮಾತ್ರೆಯಿಂದ ಶುರು ಮಾಡಿ ನಿಧಾನವಾಗಿ ಮತ್ತೆ ಏರಿಸಬೇಕಂತೆ. ಬರುವ ಶುಕ್ರವಾರ ಮೊದಲ ಬಸ್ಸಿಗೆ ಹೊರಟು ಕೊಪ್ಪಕ್ಕೆ ಬಾ. ಬಸ್‌ಸ್ಟ್ಯಾಂಡಿನಲ್ಲಿ ನಾನಿರುತ್ತೇನೆ, ಅಲ್ಲಿಂದ ಇಬ್ಬರೂ ಶಿವಮೊಗ್ಗಕ್ಕೆ. ನನಗೆ ಹಿಂದೆ ಹೋಗಿ ಮುಂದೆ ಬಂದ ಹಾಗಾಗುತ್ತದೆ, ಆಗಲಿ. ನೀನು ಇಳಿಯದಿದ್ದರೆ ನಾನೇ ಕಿಗ್ಗದ ತನಕ ಬಂದು ಕರೆದುಕೊಂಡು ಹೋಗುತ್ತೇನೆ, ನಿನ್ನ ಅಣ್ಣ ಏನು ಬೇಕಾದರೂ ಅಂದುಕೊಳ್ಳಲಿ. ಇನ್ನು ಮೇಲೆ ಬೆಳಿಗ್ಗೆ ಎಂಟು, ರಾತ್ರಿ ಎಂಟಕ್ಕೆ ತಟ್ಟೆ ಬಾರಿಸುವ ಕೆಲಸ ಗಗನಾಳದ್ದು. ಈಗಿನಿಂದಲೇ ಅಭ್ಯಾಸ ಮಾಡಿ ನನ್ನ ಕಿವಿ ತೂತು ಮಾಡಿದ್ದಾಳೆ. ಗೀಟು ಹಾಕಿದ ಕ್ಯಾಲೆಂಡರನ್ನು ಒಲೆಗೆ ಹಾಕಿದೆ.

ಮನೆಯವರಿಗೆಲ್ಲ ನನ್ನ ನೆನಪು ಹೇಳು. ದೇವರು ನನ್ನ ಆಯಸ್ಸನ್ನೂ ನಿನಗೇ ಕೂಡಿಸಲಿ.

ನಿನ್ನ ಅತ್ತೆ,
ವನಜಮ್ಮ

ತಾ.ಕ.: ಇದು ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಎರಡು ವರ್ಷದ ಹಿಂದೆ ಪ್ರದೀಪ ಇದೇ ಮಾತ್ರೆ ನಿಲ್ಲಿಸಿದ್ದು ನೀನು ತಿಳಿದ ಹಾಗೆ ಕುಡಿತದಿಂದಲ್ಲ. ನೀನು ಕಿಗ್ಗಕ್ಕೆ ಹೋಗಿದ್ದಾಗ ಅವನಿಗೂ ಮಂಡಲ ಮುಗಿಯಿತೆಂದು ಎಣ್ಣೆ ನೀರು ಹಾಕಿದೆ. ಆರು ತಿಂಗಳಿಗೆ ನನ್ನ ಮಗ, ನಿನ್ನ ಗಂಡ, ಹೋದ. ಕುಡಿದು ಹೋದ ಎಂದೇ ನಾನೂ ನಂಬಿದ್ದೆ. ಊರವರು ನಿನ್ನ ಕಾಲ್ಗುಣ ಎಂದಾಗ ಬಾಯಿ ಬಿಡಲಿಲ್ಲ. ಕಾರಣ ಯಾರೆಂದು ಶುಕ್ರವಾರ ತಿಳಿಯಿತು. ಇದನ್ನು ಓದಿ ನನ್ನ ಮುಖ ನೋಡಬಾರದು ಎನಿಸಿದರೆ ನೋಡಬೇಡ. ನೀನು ಮುಂದಿನ ಸೀಟಿನಲ್ಲಿ ಕೂರು, ನಾನು ಹಿಂದೆ ಕೂರುತ್ತೇನೆ. ಶಿವಮೊಗ್ಗಕ್ಕೆ ಮಾತ್ರ ಹೋಗೋಣ.