ಐದು ದಿನದ ಕೊರತೆ

ಮೆಲಾಕಾ
೧೦-೩-೧೯೯೯

ಚಿಕ್ಕಮ್ಮನಿಗೆ ಶರ್ಮಿಳಾಳ ನಮಸ್ಕಾರಗಳು.

ಈಗ ಕೋಲಿಲ್ಲದೆ ನಡೆಯುತ್ತೀರಾ? ನಿಮ್ಮಿಂದ ಒಂದು ಕೆಲಸ ಆಗಬೇಕಿತ್ತು. ಕಳೆದ ವರ್ಷ ನೂರ ಎಂಬತ್ತೆರಡು ದಿನ ಮಲೇಶಿಯಾದಲ್ಲಿ ಇದ್ದಿದ್ದರೆ ನಾನು ಇಲ್ಲಿಯ ನಿವಾಸಿ, ತೆರಿಗೆಯೂ ಕಡಿಮೆ. ನನಗೆ ಐದು ದಿನ ಕಡಿಮೆ ಬಿದ್ದಿದೆ. ನಿಮ್ಮ ಆಪರೇಷನ್ನಿಗೆಂದು ಉಡುಪಿಗೆ ಬಂದು ಹದಿನೆಂಟು ದಿನ ಇದ್ದೆನಲ್ಲ, ಅದರಿಂದ. ತಂದೆತಾಯಿ, ಗಂಡ, ಮಕ್ಕಳ ಕಾಯಿಲೆಗಾಗಿ ಹೋಗಿದ್ದರೆ ಆ ದಿನಗಳನ್ನೂ ಇಲ್ಲೇ ಇದ್ದಂತೆ ಲೆಕ್ಕಕ್ಕೆ ಸೇರಿಸುತ್ತಾರಂತೆ.

"ಅವರು ನಿಮಗೆ ಏನಾಗಬೇಕು?" ಎಂದು ತೆರಿಗೆ ಅಧಿಕಾರಿ ಕೇಳಿದರು. ಯೋಚಿಸದೆ "ಮದರ್" ಎಂದುಬಿಟ್ಟೆ. ಅಪ್ಪ ನಿಮ್ಮನ್ನು ಮದುವೆಯಾಗಿ ಇಪ್ಪತ್ತು ವರ್ಷವಾದರೂ ಕನ್ನಡದಲ್ಲಿ ಆ ಮಾತು ನನ್ನ ಬಾಯಿಗೆ ಬಂದಿರಲಿಲ್ಲ.

ಆಸ್ಪತ್ರೆಯಿಂದ ಒಂದು ಸರ್ಟಿಫಿಕೇಟ್ ಕಳಿಸಿ. ನೋಡಿಕೊಂಡವಳು ಮಗಳು ಎಂದು ಅದರಲ್ಲಿ ಬರೆಸಬೇಕು. ನಿಮಗೆ ಒಪ್ಪಿಗೆಯಿದ್ದರೆ ಮಾತ್ರ.

ಇಂತಿ,
ಶರ್ಮಿಳಾ