ಶಾಪದ ಹೊಲದ ಕೊಯ್ಲು

ಪ್ರೀತಿಯ ಅಕ್ಕ,

ನಾನು ಪಾಠ ಹೇಳಲು ಬಂದ ಈ ಕ್ಲೇರ್ ಸೀಮೆಯ ಊರಲ್ಲಿ ಒಂದು ಹೊಲವಿದೆ. ಅಜ್ಜಂದಿರ ಕಾಲದಲ್ಲಿ ಜಮೀನ್ದಾರ ಅಲ್ಲಿಂದ ಒಬ್ಬ ವಿಧವೆಯನ್ನು ಒಕ್ಕಲೆಬ್ಬಿಸಿದನಂತೆ. ಆಕೆ ಮಂಡಿಯೂರಿ, ಇಲ್ಲಿ ಶಾಪ ಹಾಕುವವರು ಮಾಡುವಂತೆ ಕಲ್ಲುಗಳನ್ನು ಎಡಕ್ಕೆ ತಿರುಗಿಸಿ, ಮುಂದೆ ಆ ಹೊಲವನ್ನು ಉತ್ತವರಿಗೆಲ್ಲ ಶಾಪ ಹಾಕಿದಳಂತೆ. ಈ ವರ್ಷ ನಾನು ಬಾಡಿಗೆಗಿರುವ ಮನೆಯ ಒಡೆಯ ಮ್ಯಾಲಕಿ ಅಲ್ಲಿ ಓಟ್ಸ್ ಬಿತ್ತಿದರು. ಊರೆಲ್ಲ ಕೂಡಿ ಕೊಯ್ಯುವುದು ರೂಢಿ. ನಿನ್ನೆ ಒಬ್ಬರೂ ಬರಲಿಲ್ಲ. ನಾನೇ ಅವರ ಜೊತೆ ಕುಡುಗೋಲು ಹಿಡಿದೆ.

ಹೊಲದ ಪಕ್ಕದ ದಾರಿಯಲ್ಲಿ ನೆರೆಮನೆಯ ಟೂಹಿ ಅಜ್ಜಿ ಬಂದು ನಿಂತರು. “ಆ ಕಾಳನ್ನ ಕೋಳೀನೂ ಮುಟ್ಟಲ್ಲ.”

“ನಿಮ್ಮ ಕೋಳಿ ಆಗಲೇ ಬೇಲಿ ಹಾರಿ ತಿಂತಾ ಇದೆಯಲ್ಲ, ಅಜ್ಜಿ!” ಅಂದರು ಮ್ಯಾಲಕಿ.

ಅಜ್ಜಿ ನಗಲಿಲ್ಲ. “ಟೀಚರಮ್ಮ, ಅಲ್ಲಿ ಕೊಯ್ದವರ ಹತ್ರ ನಮ್ಮ ಮಕ್ಕಳನ್ನ ಕಳಿಸಲ್ಲ.”

ಬೆರಳು ಸ್ವಲ್ಪ ಕೊಯ್ದುಕೊಂಡಿದ್ದೇನೆ, ಚಿಂತೆ ಬೇಡ. ಇವತ್ತು ಶಾಲೆಗೆ ಒಂದು ಮಗುವೂ ಬರಲಿಲ್ಲ. ಬಾಗಿಲು ಹಾಕಿ ಹೊಲಕ್ಕೆ ಹೊರಟಿದ್ದೇನೆ. ಮಳೆಗೆ ಮೊದಲು ಕೊಯ್ದು ಮುಗಿಸಬೇಕು.

ನಿನ್ನ ತಂಗಿ,
ಡರ್ವ್ಲಾ